ವಾಲ್ಡೆಮಾರ್ ಹಾಫ್ಕಿನ್: ಪ್ಲೇಗಿನ ಊರುಗಳಿಗೆ ಲಸಿಕೆ ತಂದವರು

ಪುಣೆಯಲ್ಲಿರುವ ನಮಗೆ 1897ರ ಪ್ಲೇಗ್ ಎಂದರೆ ಮೊದಲು ನೆನಪಾಗುವುದು ಸಾವಿತ್ರಿಬಾಯಿ ಫುಲೆ. ಹಡಪಸರದ ಬಳಿ ಮಗ ಡಾ. ಯಶವಂತ ತೆರೆದಿದ್ದ ಚಿಕಿತ್ಸಾಲಯಕ್ಕೆ ಪ್ಲೇಗ್ ಬಡಿದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದ ಆ ತಾಯಿ, ಅದೇ ಸೋಂಕು ತಗಲಿ ಮಾರ್ಚ್ 10ರಂದು ತೀರಿಕೊಂಡರು. ಪ್ರತಿ ಜನವರಿ 3ರಂದು ಅವರ ಜಯಂತಿಯ ದಿನ ನಮ್ಮಲ್ಲಿ ಯಾರಾದರೊಬ್ಬರು ಈ ಕಥೆ ಹೇಳಿಯೇ ಹೇಳುತ್ತೇವೆ.

ಅವರು ತೀರಿಕೊಂಡ ದಿನಕ್ಕೆ ಸರಿಯಾಗಿ ಎರಡು ತಿಂಗಳು ಮೊದಲು, 1897ರ ಜನವರಿ 10ರಂದು, ಮುಂಬಯಿಯಲ್ಲಿ ಒಬ್ಬ ಮನುಷ್ಯ ತಾನೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊಟ್ಟಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದರು. ಅವರ ಹೆಸರು ವಾಲ್ಡೆಮಾರ್ ಹಾಫ್ಕಿನ್. ಆ ಲಸಿಕೆ ಪುಣೆಗೆ ಇನ್ನೊಂದಿಷ್ಟು ಬೇಗ ಬಂದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದಿದೆ. 2021ರಲ್ಲಿ ನಮ್ಮ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಕೊರೋನಾ ಲಸಿಕೆಯ ಶಿಬಿರ ನಡೆದಾಗ ಹೆಸರು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗಲೇ ಹಾಫ್ಕಿನ್ನರ ಬಗ್ಗೆ ಓದಲು ಶುರುಮಾಡಿದ್ದು. ಓದುತ್ತಾ ಹೋದಂತೆ ಅವರ ಕಥೆ ನಮ್ಮ ಪುಣೆಗೂ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ಎಷ್ಟು ಹತ್ತಿರದ್ದು ಎಂದು ಗೊತ್ತಾಯಿತು. ಅದನ್ನೇ ಈ ಸಂಚಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಒಂದು ಯಹೂದಿ ಕುಟುಂಬದಲ್ಲಿ. ಒಡೆಸ್ಸಾ ಈಗ ಯುಕ್ರೇನಿನಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಗುರುಗಳು ಮುಂದೆ ನೊಬೆಲ್ ಪಡೆದ ಮೆಚ್ನಿಕಾಫ್. ಆ ಕಾಲದಲ್ಲಿ ಅಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ತಮ್ಮವರ ರಕ್ಷಣೆಗೆ ನಿಂತ ಯುವಕರ ಜೊತೆ ಸೇರಿ ಹಾಫ್ಕಿನ್ ಪೊಲೀಸರ ಕೈಗೂ ಸಿಕ್ಕಿದ್ದರು. ಓದಿನಲ್ಲಿ ಮುಂದಿದ್ದರೂ ಅಧ್ಯಾಪಕರಾಗಬೇಕಾದರೆ ಧರ್ಮ ಬದಲಿಸಬೇಕಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಮೊದಲು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಸಿಕ್ಕಿದ್ದು ಗ್ರಂಥಾಲಯದಲ್ಲಿ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲೇ ಪ್ರಯೋಗ ಮಾಡುತ್ತಾ ಕಾಲರಾಕ್ಕೆ ಒಂದು ಲಸಿಕೆ ಕಂಡುಹಿಡಿದರು. 1892ರ ಜುಲೈ 18ರಂದು ಅದನ್ನೂ ಮೊದಲು ತಮಗೇ ಚುಚ್ಚಿಕೊಂಡರು.

ಕಾಲರಾ ಎಂದರೆ ಆಗ ಭಾರತದ ನೆನಪೇ ಬರುತ್ತಿತ್ತು. ಹಿಂದೆ ಇಲ್ಲಿ ವೈಸ್‌ರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಬೆಂಬಲ ಸಿಕ್ಕಿತು. 1893ರ ಮಾರ್ಚಿನಲ್ಲಿ ಹಾಫ್ಕಿನ್ ಕಲ್ಕತ್ತಾಕ್ಕೆ ಬಂದಿಳಿದರು. ಇಲ್ಲಿನ ಭಾಷೆ ಬಾರದು, ವೈದ್ಯಕೀಯ ಪದವಿ ಇಲ್ಲ, ಮೇಲಾಗಿ ರಷ್ಯಾದವರು ಎಂದು ಇಂಗ್ಲಿಷ್ ಅಧಿಕಾರಿಗಳಿಗೆ ಅನುಮಾನ. ಹೀಗಿದ್ದೂ ಎರಡು ಚಿಲ್ಲರೆ ವರ್ಷಗಳಲ್ಲಿ ದಂಡಿನ ಬ್ಯಾರಕ್ಕು, ಜೈಲು, ಅಸ್ಸಾಮಿನ ಚಹಾ ತೋಟ, ಹಳ್ಳಿ ಎನ್ನದೆ ತಿರುಗಿ ಸುಮಾರು 42,000 ಜನರಿಗೆ ಲಸಿಕೆ ಹಾಕಿದರು. ಯಾರಿಗೂ ಬಲವಂತ ಮಾಡಲಿಲ್ಲ.

ಕಲ್ಕತ್ತಾದ ಕಟ್ಟಾಲ್ ಬಾಗಾನ್ ಎಂಬ ಬಸ್ತಿಯ ಘಟನೆ ನನಗೆ ಬಹಳ ಹಿಡಿಸಿತು. 1894ರಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ನಾಲ್ವರು ಬಂಗಾಳಿ ಡಾಕ್ಟರುಗಳನ್ನು ಕರೆದುಕೊಂಡು ಹಾಫ್ಕಿನ್ ಹೋದರೆ ಜನ ಕಲ್ಲು ತೂರಿದರಂತೆ. ಆಗ ಎಲ್ಲರೆದುರು ಅವರು ತಮ್ಮ ಅಂಗಿ ಎತ್ತಿ, ಜೊತೆಯ ಡಾಕ್ಟರರಿಂದ ಲಸಿಕೆ ಚುಚ್ಚಿಸಿಕೊಂಡರು ಎನ್ನುತ್ತಾರೆ ಅವರ ಜೀವನ ಬರೆದವರು. ಸಂಜೆಯ ಹೊತ್ತಿಗೆ ಬಸ್ತಿಯ ಸುಮಾರು 200 ಜನರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡಿದ್ದರು. ಆಮೇಲೆ ಅಲ್ಲಿ ಕಾಲರಾದಿಂದ ಸತ್ತವರೆಲ್ಲ ಹಾಕಿಸಿಕೊಳ್ಳದೇ ಇದ್ದವರು. ನಮ್ಮ ಶಿಬಿರದಲ್ಲೂ ಮೊದಲ ದಿನ ಕುರ್ಚಿಗಳು ಖಾಲಿ ಇದ್ದವು. ನಮ್ಮ ಕಟ್ಟಡದ ಹಿರಿಯರೊಬ್ಬರು ಹಾಕಿಸಿಕೊಂಡು, ಅರ್ಧ ಗಂಟೆ ಕೂತು, ಚಹಾ ಕುಡಿದು, ನಗುತ್ತಾ ಹೋದ ಮೇಲೆ ಮನೆಗೆಲಸದ ಬಾಯಿಯವರು, ವಾಚ್‌ಮನ್‌ಗಳು ಒಬ್ಬೊಬ್ಬರಾಗಿ ಬಂದರು. ನೂರು ಭಾಷಣಕ್ಕಿಂತ ಕಣ್ಣಾರೆ ಕಂಡ ಒಂದು ತೋಳು ಹೆಚ್ಚು.

ಮಲೇರಿಯಾ ಹಿಡಿದು ಇಂಗ್ಲೆಂಡಿಗೆ ಹೋಗಿದ್ದ ಹಾಫ್ಕಿನ್ 1896ರಲ್ಲಿ ಮತ್ತೆ ಬಂದರು. ಆ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಡಾ. ಅಕಾಸಿಯೊ ವಿಯೇಗಾಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದ್ದರು. ಸರ್ಕಾರ ಹಾಫ್ಕಿನ್ನರನ್ನು ಅಕ್ಟೋಬರಿನಲ್ಲಿ ಮುಂಬಯಿಗೆ ಕರೆಸಿತು. ಕೊಟ್ಟದ್ದು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಒಂದು ಪಡಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟರಲ್ಲೇ ಮೂರು ತಿಂಗಳೊಳಗೆ ಲಸಿಕೆ ಸಿದ್ಧವಾಯಿತು.

ಅದನ್ನು ಮಾಡಿದ ರೀತಿ ಅಡುಗೆಮನೆ ಬಲ್ಲ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ಲೇಗಿನ ಕ್ರಿಮಿ ಬೆಳೆಯಲು ಮಾಂಸದ ಸಾರು ಬೇಕು. ಗೋಮಾಂಸವಾದರೆ ಹಿಂದೂಗಳು, ಹಂದಿಮಾಂಸವಾದರೆ ಮುಸಲ್ಮಾನರು ಒಪ್ಪುವುದಿಲ್ಲ. ಅದಕ್ಕೆ ಹಾಫ್ಕಿನ್ ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ಒಂದಿಷ್ಟು ತುಪ್ಪ ಬಿಟ್ಟರು. ತೇಲುವ ತುಪ್ಪದ ಹನಿಗಳಿಗೆ ಅಂಟಿಕೊಂಡು ಕ್ರಿಮಿಗಳು ಬಿಳಲುಗಳಂತೆ ಕೆಳಗೆ ಇಳಿದು ಬೆಳೆಯುತ್ತಿದ್ದವು. ಆಗಾಗ ಸೀಸೆ ಅಲುಗಾಡಿಸಿದರೆ ಬಿಳಲುಗಳು ತಳಕ್ಕೆ ಬೀಳುತ್ತವೆ, ಹೊಸವು ಹುಟ್ಟುತ್ತವೆ. ಹೀಗೆ ಕೆಲವು ವಾರ ಬೆಳೆಸಿ, ಆಮೇಲೆ ಹದವಾಗಿ ಒಂದು ಗಂಟೆ ಬಿಸಿಮಾಡಿ ಕ್ರಿಮಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಸತ್ತ ಕ್ರಿಮಿ ರೋಗ ತರಲಾರದು. ಆದರೆ ನಮ್ಮ ದೇಹ ಅದನ್ನು ಕಂಡು ಎಚ್ಚತ್ತುಕೊಳ್ಳುತ್ತದೆ. ಮುಂದೆ ನಿಜವಾದ ಕ್ರಿಮಿ ಬಂದಾಗ ಎದುರಿಸಲು ಸಿದ್ಧವಾಗಿರುತ್ತದೆ.

ಜನವರಿ 10ರಂದು ಹಾಫ್ಕಿನ್ ತಮಗೆ ಚುಚ್ಚಿಸಿಕೊಂಡ ಪ್ರಮಾಣ 10 ಸಿಸಿ. ಮುಂದೆ ಜನರಿಗೆ ಕೊಟ್ಟದ್ದರ ಮೂರು-ನಾಲ್ಕು ಪಟ್ಟು. ವಿಪರೀತ ಜ್ವರ, ನೋವು ಬಂದರೂ ಹೆಚ್ಚು ಜನರಿಗೆ ತಿಳಿಯಗೊಡದೆ ಕೆಲಸ ಮುಂದುವರಿಸಿದರು. ಅದೇ ತಿಂಗಳು ಭಾಯಖಳಾ ಜೈಲಿನಲ್ಲಿ ಪ್ಲೇಗ್ ಎದ್ದಾಗ, ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿದರು. ಹಾಕಿಸಿಕೊಳ್ಳದ ಅರ್ಧಕ್ಕೆ ಹೋಲಿಸಿದರೆ ಅವರಲ್ಲಿ ರೋಗ ಬಹಳ ಕಡಿಮೆಯಾಯಿತು. ಆಗ ಇಪ್ಪತ್ತರ ಹರೆಯದ ಮೂರನೆಯ ಆಗಾ ಖಾನ್ ತಮ್ಮ ಜನರ ಎದುರೇ ಲಸಿಕೆ ಹಾಕಿಸಿಕೊಂಡರು. ಅವರನ್ನು ನೋಡಿ ಮುಂಬಯಿಯ ಖೋಜಾ ಸಮುದಾಯದ ಸಾವಿರಾರು ಜನ ಮುಂದೆ ಬಂದರು. ಪ್ರಯೋಗಾಲಯಕ್ಕೆ ಜಾಗ ಸಾಲದಾದಾಗ ಮಝಗಾಂವದ ತಮ್ಮ ಬಂಗಲೆಯನ್ನೂ ಆಗಾ ಖಾನ್ ಬಿಟ್ಟುಕೊಟ್ಟರು.

ಈ ಹೊತ್ತಿಗೆ ಪುಣೆಯಲ್ಲಿ ಏನಾಗುತ್ತಿತ್ತು? 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ಕೊರೋನಾಕ್ಕೂ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದು ಇದೇ ಕಾಯಿದೆಯನ್ನು. ಪುಣೆಯ ಪ್ಲೇಗ್ ಸಮಿತಿಗೆ ರ್‍ಯಾಂಡ್ ಎಂಬ ಅಧಿಕಾರಿ ಮುಖ್ಯಸ್ಥರಾದರು. ಗೋರಾ ಸಿಪಾಯಿಗಳು ಪೇಟೆಗಳ ಮನೆಮನೆಗೆ ನುಗ್ಗಿದರು. ದೇವರ ಕೋಣೆ, ಅಡುಗೆಮನೆ ಯಾವುದೂ ಉಳಿಯಲಿಲ್ಲ. ಹೆಂಗಸರನ್ನು ಬೀದಿಗೆ ಕರೆದು ಪರೀಕ್ಷಿಸುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಕ್ಯಾಂಪಿಗೂ ಸಾಗಿಸುವುದು, ಸಾಮಾನು ಸುಡುವುದು ನಡೆಯಿತು. ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಪುಣೆಯಲ್ಲಿ ಶಾರದಾ ಸದನ ನಡೆಸುತ್ತಿದ್ದ ನಮ್ಮ ಪಂಡಿತಾ ರಮಾಬಾಯಿ ಸುಮ್ಮನಿರಲಿಲ್ಲ. ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಅವಸ್ಥೆ ಏನಾಗಿದೆ ಎಂದು ಪತ್ರಿಕೆಗೆ ಬರೆದು ಖಂಡಿಸಿದರು. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಫೇಕರ್ ಸಹೋದರರು ರ್‍ಯಾಂಡರ ಮೇಲೆ ಗುಂಡು ಹಾರಿಸಿದ್ದು, ಆಮೇಲೆ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಸೆರೆಮನೆಯಾದದ್ದು ನಮಗೆಲ್ಲ ಗೊತ್ತಿರುವ ಇತಿಹಾಸ.

ಒಂದೇ ರೋಗ, ಒಂದೇ ಸರ್ಕಾರ, ಆದರೆ ದಾರಿ ಎರಡು. ಒಂದು, ಬಂದೂಕು ಹಿಡಿದು ಬಾಗಿಲು ತಟ್ಟುವ ದಾರಿ. ಇನ್ನೊಂದು, ಮೊದಲು ನನ್ನ ತೋಳು ನೋಡಿ, ಆಮೇಲೆ ನೀವೇ ನಿರ್ಧರಿಸಿ ಎನ್ನುವ ದಾರಿ. ಪುಣೆಯ ಅಂಚಿನ ಖಡಕಿ ದಂಡಿನಲ್ಲಿ ಅದೇ 1897ರಲ್ಲಿ ಈ ಎರಡನೆಯ ದಾರಿಗೆ ಫಲ ಸಿಕ್ಕಿತು. ಅಲ್ಲಿನ ಸುಮಾರು 1,500 ಜನರಲ್ಲಿ 671 ಮಂದಿ ಲಸಿಕೆ ಹಾಕಿಸಿಕೊಂಡರು, 859 ಮಂದಿ ಹಾಕಿಸಿಕೊಳ್ಳಲಿಲ್ಲ. ಹಾಕಿಸಿಕೊಳ್ಳದವರಲ್ಲಿ 143 ಜನರಿಗೆ ಪ್ಲೇಗ್ ಬಂದು 98 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ 32 ಜನರಿಗೆ ಬಂದು 17 ಮಂದಿ ಸತ್ತರು. ಲಸಿಕೆ ಪೂರ್ತಿ ಕಾಯಲಿಲ್ಲ, ಆದರೆ ಬಹಳಷ್ಟು ಜೀವ ಉಳಿಸಿತು. ಪುಣೆಗೆ ಬಂದ ಹೊಸದರಲ್ಲಿ ನಾನು ಐದು ವರ್ಷ ಖಡಕಿಯಲ್ಲೇ ಇದ್ದೆ. ಆ ರಸ್ತೆಗಳಲ್ಲಿ ದಿನಾ ತರಕಾರಿ ತರಲು ಹೋಗುತ್ತಿದ್ದಾಗ ಇದೊಂದೂ ನನಗೆ ತಿಳಿದಿರಲಿಲ್ಲ.

ಮರುವರ್ಷ ಬಡೋದೆಯ ಹತ್ತಿರದ ಉಂಢೇರಾ ಎಂಬ ಹಳ್ಳಿಯಲ್ಲಿ ಇನ್ನೂ ಕಠಿಣವಾದ ಒಂದು ಪರೀಕ್ಷೆ ನಡೆಯಿತು. ಪ್ರತಿ ಮನೆಯಲ್ಲೂ ಅರ್ಧ ಜನರಿಗೆ ಲಸಿಕೆ ಹಾಕಿದರು, ಉಳಿದರ್ಧಕ್ಕೆ ಹಾಕಲಿಲ್ಲ. ಆಮೇಲೆ ಪ್ಲೇಗ್ ತಗಲಿದ ಮನೆಗಳಲ್ಲಿ ಲಸಿಕೆಯಿದ್ದ 71 ಜನರಲ್ಲಿ 3 ಮಂದಿ, ಇಲ್ಲದ 64 ಜನರಲ್ಲಿ 26 ಮಂದಿ ತೀರಿಕೊಂಡರು. ವಿಜ್ಞಾನಕ್ಕೆ ಇದು ದೊಡ್ಡ ಸಾಕ್ಷಿ. ಆದರೆ ಒಂದೇ ಒಲೆಯ ಸುತ್ತ ಉಂಡವರಲ್ಲಿ ಒಬ್ಬ ಮಗ ಉಳಿದು ಇನ್ನೊಬ್ಬ ಹೋದಾಗ ಆ ತಾಯಿಗೆ ಹೇಗಾಗಿರಬೇಡ? ಇಂದು ಇಂಥ ಪರೀಕ್ಷೆಗಳಿಗೆ ಎಷ್ಟೊಂದು ನಿಯಮ, ಒಪ್ಪಿಗೆ ಪತ್ರ ಇರುವುದು ಏಕೆ ಎಂದು ಈ ಅಂಕಿ ನೋಡಿದಾಗ ಅರ್ಥವಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಡಿಯಿತು. ಆಗ ಹುಬ್ಬಳ್ಳಿ ಸುಮಾರು 50,000 ಜನರ ಊರು. ರೈಲ್ವೆ ವರ್ಕ್‌ಶಾಪು, ಬಟ್ಟೆ ಗಿರಣಿ ಇದ್ದ ಊರು. ಲ್ಯೂಮನ್ ಎಂಬ ಡಾಕ್ಟರರ ಮುಂದಾಳತ್ವದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ 38,000ಕ್ಕೂ ಹೆಚ್ಚು ಜನರಿಗೆ ಅಲ್ಲಿ ಹಾಫ್ಕಿನ್ನರ ಲಸಿಕೆ ಹಾಕಲಾಯಿತು. ಅಂದರೆ ಊರಿನ ಹೆಚ್ಚುಕಡಿಮೆ ಮುಕ್ಕಾಲು ಪಾಲು. ಶೀತಪೆಟ್ಟಿಗೆಯಿಲ್ಲ, ಫೋನಿಲ್ಲ, ಲಸಿಕೆಯ ಸೀಸೆಗಳು ಮುಂಬಯಿಯಿಂದ ಬರಬೇಕು, ಒಬ್ಬೊಬ್ಬರ ಹೆಸರೂ ಕೈಯಲ್ಲೇ ಬರೆಯಬೇಕು. ಹಾಕಿಸಿಕೊಂಡವರಿಗೆ ಚೀಟಿ ಕೊಡುತ್ತಿದ್ದರು; ಆ ಚೀಟಿ ಇದ್ದರೆ ಪ್ರಯಾಣದಲ್ಲಿ ತಡೆದು ನಿಲ್ಲಿಸುವ ಕಾಟ, ಕ್ಯಾಂಪಿನ ಕಾಟ ಕಡಿಮೆ. ನಮ್ಮ ಮೊಬೈಲಿನ ಕೋವಿನ್ ಸರ್ಟಿಫಿಕೇಟಿನ ಮುತ್ತಜ್ಜಿ ಅದು ಎನ್ನಬಹುದು.

ನನ್ನ ಅಜ್ಜಿಯ ತಾಯಿ ಹುಬ್ಬಳ್ಳಿಯವರು. ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಥೆಗಳಲ್ಲಿ ಇಲಿ ಬಿತ್ತೆಂದರೆ ಮನೆ ಬಿಡುವುದು, ಊರಾಚೆ ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಳ್ಳುವುದು, ಮಳೆಗಾಲದಲ್ಲಿ ಒಲೆ ಉರಿಯದೆ ಹಸಿದು ಮಲಗುವುದು, ಇವೆಲ್ಲ ಬರುತ್ತಿದ್ದವು. ಅದರ ಜೊತೆ ಸೂಜಿಯ ಕಥೆಯೂ ಒಂದಿತ್ತು. ಸೂಜಿ ಹಾಕಿಸಿಕೊಂಡ ಮೇಲೆ ಮೂರು ದಿನ ಅವರಿಗೆ ತೋಳು ಎತ್ತಲು ಆಗಲಿಲ್ಲವಂತೆ, ರೊಟ್ಟಿ ಬಡಿಯುವ ಕೆಲಸ ನಾದಿನಿ ಮಾಡಿದರಂತೆ. ಅದು ಯಾರು ಮಾಡಿದ ಲಸಿಕೆ ಎಂದು ಅಜ್ಜಿಗೂ ಗೊತ್ತಿರಲಿಲ್ಲ, ಕೇಳುತ್ತಿದ್ದ ನಮಗೂ ಗೊತ್ತಿರಲಿಲ್ಲ. ಅಪರಿಚಿತ ಗಂಡಸು ಡಾಕ್ಟರ ಎದುರು ತೋಳು ಬಿಚ್ಚುವುದು ಅಂದಿನ ಹೆಂಗಸರಿಗೆ ಸುಲಭವಿರಲಿಲ್ಲ. ಧಾರವಾಡ ಜಿಲ್ಲೆಯಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ಡಾಕ್ಟರ್ ಈ ಕೆಲಸಕ್ಕೆ ಬಂದದ್ದರಿಂದ ಎಷ್ಟು ಮನೆಗಳ ಬಾಗಿಲು ತೆರೆದಿರಬೇಕು! ನಮ್ಮ ಶಿಬಿರದಲ್ಲೂ ಒಂದು ಪರದೆ ಕಟ್ಟಿ, ಒಳಗೆ ನರ್ಸ್ ತಾಯಿಯನ್ನು ಕೂರಿಸಿದ ಮೇಲೆಯೇ ಕೆಲವು ಹೆಣ್ಣುಮಕ್ಕಳು ಸಾಲಿಗೆ ಬಂದದ್ದು.

ಅದೇ 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಹೋಯಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು.

1899ರಲ್ಲಿ ಹಾಫ್ಕಿನ್ನರ ಪ್ರಯೋಗಾಲಯ ಮುಂಬಯಿಯ ಪರಳದಲ್ಲಿದ್ದ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರವಾಯಿತು. ಗೌರವ, ಬಿರುದು ಎಲ್ಲ ಬಂದವು. ಅಷ್ಟರಲ್ಲಿ ಅವರ ಬದುಕಿನ ಅತಿ ಕೆಟ್ಟ ದಿನ ಬಂತು. 1902ರಲ್ಲಿ ಪಂಜಾಬ್ ಸರ್ಕಾರ ಭಾರೀ ಪ್ರಮಾಣದಲ್ಲಿ ಲಸಿಕೆ ಕೇಳಿತ್ತು. ಬೇಗ ತಯಾರಾಗಲೆಂದು ಹಾಫ್ಕಿನ್ ವಿಧಾನದಲ್ಲಿ ಬದಲಾವಣೆ ಮಾಡಿ, ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟಿದ್ದರು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಜನರಿಗೆ ಧನುರ್ವಾಯು ಬಂದು ಅಷ್ಟೂ ಜನ ತೀರಿಕೊಂಡರು.

ತನಿಖಾ ಆಯೋಗ ತಪ್ಪನ್ನು ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್ಕಿನ್ನರನ್ನು ಕೆಲಸದಿಂದ ದೂರ ಇಟ್ಟರು; 1904ರಲ್ಲಿ ಅವರು ಭಾರತ ಬಿಟ್ಟು ಹೋಗಬೇಕಾಯಿತು. ಆದರೆ ಕಾಗದಪತ್ರಗಳಲ್ಲಿ ಬೇರೆಯೇ ಸಂಗತಿ ಇತ್ತು. ಆ ಸೀಸೆ ತೆರೆಯುವಾಗ ಚಿಮುಟ ನೆಲಕ್ಕೆ ಬಿದ್ದಿತ್ತು; ಅದನ್ನು ಕುದಿಸದೆ ಬರೀ ಔಷಧದ ನೀರಿನಲ್ಲಿ ಅದ್ದಿ ತೆಗೆದು ಸೀಸೆಯ ಬಿರಡೆ ಎಳೆದಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ. ಮುಂಬಯಿಯಲ್ಲೇ ಅದು ಸೇರಿ ಸೀಸೆಯೊಳಗೆ ಬೆಳೆದಿದ್ದರೆ ತೆರೆದಾಗ ದುರ್ನಾತ ಹೊಡೆಯಬೇಕಿತ್ತು. ಯಾವ ವಾಸನೆಯೂ ಇರಲಿಲ್ಲ. ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಮುಂದಾಗಿ, 1907ರ ಜುಲೈಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಅವರ ಪರ ನಿಂತರು. ಕೊನೆಗೆ ಸರ್ಕಾರ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ತಾವು ಕಟ್ಟಿದ ಪರಳದ ಪ್ರಯೋಗಾಲಯ ಮತ್ತೆ ಸಿಗಲಿಲ್ಲ. ಕಲ್ಕತ್ತಾದಲ್ಲಿ ಕೂತು, ಮನುಷ್ಯರ ಮೇಲೆ ಹೊಸ ಲಸಿಕೆ ಪರೀಕ್ಷಿಸಲು ಅನುಮತಿಯಿಲ್ಲದೆ ಉಳಿದ ವರ್ಷ ಕಳೆದು, 55ನೆಯ ವಯಸ್ಸಿಗೆ ನಿವೃತ್ತರಾಗಿ ಫ್ರಾನ್ಸಿಗೆ ಹೋದರು.

ಆ 19 ಮನೆಗಳ ಮಟ್ಟಿಗೆ ಯಾರ ನಿರ್ದೋಷಿತ್ವವೂ ಸಮಾಧಾನ ತರಲಾರದು. ನಾನು ಗಮನಿಸಿದ್ದು ಇನ್ನೊಂದು: ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕುವ ಕೆಲಸ ನಿಂತಿರುವುದು ದೊಡ್ಡ ವಿಜ್ಞಾನಿಯ ಮೇಲಷ್ಟೇ ಅಲ್ಲ, ಕಟ್ಟಕಡೆಯ ಮೇಜಿನಲ್ಲಿ ಚಿಮುಟ ಹಿಡಿದವರ ಮೇಲೂ. ಬಿದ್ದದ್ದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಳ್ಳುವಷ್ಟು ವ್ಯವಧಾನ, ಬೇರೆಯದು ಕೈಗೆ ಸಿಗುವಂಥ ವ್ಯವಸ್ಥೆ ಎರಡೂ ಬೇಕು. ನಮ್ಮ ಶಿಬಿರದ ನರ್ಸ್ ತಾಯಿ ಪ್ರತಿಯೊಬ್ಬರಿಗೂ ಹೊಸ ಸೂಜಿ ಒಡೆದು ತೋರಿಸಿ ಹಾಕುತ್ತಿದ್ದುದು ನನಗೆ ಆಗ ಬರೀ ಪದ್ಧತಿ ಎನ್ನಿಸಿತ್ತು. ಅದರ ಹಿಂದೆ ಇಂಥ ಎಷ್ಟು ಸಾವುಗಳ ಪಾಠ ಇದೆ!

ಹಾಫ್ಕಿನ್ ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಅಧ್ಯಯನ, ಆಚರಣೆಯಲ್ಲಿ ಮುಳುಗಿದರು. ಆಸ್ತಿಯನ್ನೆಲ್ಲ ಯಹೂದಿ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು. ಅವರು ಬದುಕಿರುವಾಗಲೇ, 1925ರಲ್ಲಿ, ಪರಳದ ಸಂಸ್ಥೆಗೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟಿದ್ದರು. ಅಷ್ಟರೊಳಗೆ ಅಲ್ಲಿಂದ 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಟಿತ್ತು. 1964ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು.

ಇನ್ನು ಪುಣೆಯ ನಂಟು. ಇಲ್ಲಿನ ಪೂನಾವಾಲಾ ಕುಟುಂಬದ ಕುದುರೆ ಫಾರ್ಮಿನಿಂದ, ರೇಸಿಗೆ ಬೇಡವಾದ ಕುದುರೆಗಳನ್ನು ಧನುರ್ವಾಯುವಿನ ಸೀರಮ್ ತಯಾರಿಸಲು ಇದೇ ಹಾಫ್ಕಿನ್ ಇನ್‌ಸ್ಟಿಟ್ಯೂಟಿಗೆ ಕೊಡುತ್ತಿದ್ದರು. ಆ ಸೀರಮ್ಮನ್ನು ನಾವೇ ಏಕೆ ಮಾಡಬಾರದು ಎಂಬ ಯೋಚನೆಯಿಂದ 1966ರಲ್ಲಿ ಹಡಪಸರದಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. 2021ರ ಜನವರಿ 12ರಂದು ಕೋವಿಶೀಲ್ಡ್ ಹೊತ್ತ ಮೊದಲ ಲಾರಿಗಳು ಹೊರಟದ್ದು ಅದರ ಗೇಟಿನಿಂದ. ನಾಲ್ಕು ದಿನದಲ್ಲಿ ದೇಶದಾದ್ಯಂತ ಲಸಿಕೆ ಶುರುವಾಯಿತು. 124 ವರ್ಷಗಳ ಹಿಂದೆ ಸಾವಿತ್ರಿಬಾಯಿ ರೋಗಿಗಳನ್ನು ನೋಡಿಕೊಂಡದ್ದೂ ಅದೇ ಹಡಪಸರದ ಸೀಮೆಯಲ್ಲಿ.

ನಮ್ಮ ಮಹಿಳಾ ವೇದಿಕೆಯ ಮುಂದಿನ ಮುಂಬಯಿ ಪ್ರವಾಸದಲ್ಲಿ ಸಿದ್ಧಿವಿನಾಯಕ, ಮಹಾಲಕ್ಷ್ಮಿಯ ಜೊತೆ ಪರಳವನ್ನೂ ಸೇರಿಸಿಕೊಳ್ಳೋಣ ಎಂದು ನನ್ನ ಸಲಹೆ. ಮೊದಲೇ ಪತ್ರ ಬರೆದು ಅನುಮತಿ ಕೇಳುವ ಕೆಲಸ ನಾನೇ ಮಾಡುತ್ತೇನೆ. ನಿಮ್ಮ ಮನೆಯ ಹಿರಿಯರು ಹೇಳಿದ ಪ್ಲೇಗಿನ, ಕಾಲರಾದ, ಸಿಡುಬಿನ ಸೂಜಿಯ ಕಥೆಗಳಿದ್ದರೆ ಎರಡೇ ಸಾಲಾದರೂ ಸರಿ, ಬರೆದಿಡಿ. ನಮ್ಮ ಅಜ್ಜಿಯರ ತೋಳುಗಳು ಕಂಡದ್ದನ್ನು ನಾವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?